ಮಲೆನಾಡಿನ ಹುಡುಗರು ಹತ್ತುವ ರಾಜಕೀಯದ ಮೆಟ್ಟಿಲು ಎಲ್ಲಿ ಹೋಯಿತು?

ಮತದಾನದ ಹಿಂದಿನ ರಾತ್ರಿ ಬೆಂಗಳೂರಿನಿಂದ ಸಾಗರ, ಹೊಸನಗರ, ತೀರ್ಥಹಳ್ಳಿಗೆ ಹೊರಡುವ ಬಸ್ಸುಗಳಲ್ಲಿ ಸೀಟು ಸಿಗುವುದಿಲ್ಲ. ಕಳೆದ ಸಲ ನಮ್ಮಣ್ಣನ ಮಗ ಬೆಳಗಿನ ಜಾವ ಸಾಗರದಲ್ಲಿ ಇಳಿದ. ಮನೆಗೆ ಬಂದು ಕಡುಬು ತಿಂದ, ಓಟು ಹಾಕಿದ, ಶಾಯಿ ಹತ್ತಿದ ಬೆರಳನ್ನು ಸ್ಟೇಟಸ್‌ಗೆ ಏರಿಸಿದ, ರಾತ್ರಿ ಬಸ್ಸಿಗೆ ವಾಪಸು ಹೊರಟ.

"ಊರಲ್ಲೇ ಇದ್ದು ಪಂಚಾಯ್ತಿಗೆ ನಿಲ್ಲೋ ಮಾರಾಯ" ಅಂದೆ.

"ನಿಲ್ಲಬಹುದು ಚಿಕ್ಕಪ್ಪ. ಆಮೇಲೆ?" ಅಂದ.

ಈಗಿನ ಹುಡುಗರಿಗೆ ರಾಜಕೀಯ ಬೇಡ ಎಂದು ಗೊಣಗುವ ಹಿರಿಯರು ಈ 'ಆಮೇಲೆ'ಯನ್ನು ಕೇಳಿಸಿಕೊಂಡೇ ಇಲ್ಲ.

ಹಿಂದೆ ಹುಡುಗರನ್ನು ಎಳೆದು ತಂದದ್ದು ಸಿದ್ಧಾಂತಕ್ಕಿಂತ ಹೆಚ್ಚಾಗಿ ಕಾಲ ಕೆಳಗಿನ ನೆಲ. 1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರು ತಾನು ಸ್ವತಂತ್ರ ಎಂದು ಸಾರಿದಾಗ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಕುರ್ಚಿಗೆ ಕೂತವರು ಊರಿನ ಹುಡುಗರೇ. ಮರುವರ್ಷ ಮಾರ್ಚ್‌ನಲ್ಲಿ ಆ ಊರಿನ ಐವರು ಗಲ್ಲಿಗೇರಿದರು.

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರ ಜಗಳ ಹುಟ್ಟಿದ್ದು ಒಂದು ಕೊಳಗದಿಂದ. ಜಮೀನಿನ ಒಡೆಯರಿಗೆ ಕೊಡುವ ಗೇಣಿ ಭತ್ತ ಅಳೆಯುವ ಆ ಮರದ ಪಾತ್ರೆ ಎಷ್ಟು ದೊಡ್ಡದಿರಬೇಕು ಎಂಬುದೇ ಪ್ರಶ್ನೆ. ಒಡೆಯರ ಕೊಳಗ ದೊಡ್ಡದು. ಅಳೆದಷ್ಟೂ ಗೇಣಿದಾರನ ಕಣ ಬರಿದಾಗುತ್ತಿತ್ತು. ಎಚ್. ಗಣಪತಿಯಪ್ಪ ಮುಂದೆ ನಿಂತರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ವಿದ್ಯಾರ್ಥಿಯಾಗಿದ್ದಾಗಲೇ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲು ಕಂಡಿದ್ದ ಸಮಾಜವಾದಿ ಶಾಂತವೇರಿ ಗೋಪಾಲಗೌಡರು ಮರುವರ್ಷ ವಿಧಾನಸಭೆಗೆ ಗೆದ್ದು ಹೋದರು. ಆಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಉಳುವವನಿಗೆ ಭೂಮಿ ಕೊಟ್ಟ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ಅಷ್ಟು ದೀರ್ಘ ಕಾಯುವಿಕೆಯಲ್ಲೂ ಜನ ಮನೆಗೆ ಹೋಗಲಿಲ್ಲ. 1980ರ ರೈತಸಂಘದ ಹಿಂದೆಯೂ ಶಿವಮೊಗ್ಗದ ಸಮಾಜವಾದಿಗಳ ಇದೇ ಗರಡಿ ಇತ್ತು.

ಆಮೇಲೆ ಒಂದು ವಿಚಿತ್ರ ನಡೆಯಿತು. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು 1989ರಲ್ಲಿ. ಹೆಚ್ಚುಕಡಿಮೆ ಅದೇ ಹೊತ್ತಿಗೆ ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ನೇರ ಚುನಾವಣೆ ನಿಂತಿತು. ಹೊಡೆದಾಟ, ದುಡ್ಡು, ಪಕ್ಷಗಳ ಕೈವಾಡ ಎಂಬ ಕಾರಣಗಳು ಸುಳ್ಳೇನಲ್ಲ. ಆದರೆ ಓಟು ಕೈಗೆ ಬಂದ ಹೊತ್ತಿಗೇ ಸೋತು ಕಲಿಯುವ ಅಂಗಳಕ್ಕೆ ಬೀಗ ಬಿತ್ತು. ಹುಡುಗರು ಭಾಷಣ ಮಾಡುವುದನ್ನು ಬಿಟ್ಟು ಭಾಷಣಕ್ಕೆ ಕುರ್ಚಿ ಜೋಡಿಸುವುದನ್ನು ಕಲಿತರು.

ಉಳಿದದ್ದು ಪಂಚಾಯ್ತಿ, 21 ತುಂಬಿದರೆ ನಿಲ್ಲಬಹುದು. ಗ್ರಾಮ ಪಂಚಾಯ್ತಿಯಲ್ಲಿ ಗೆದ್ದವರಿಗೆ ಮುಂದಿನ ಮೆಟ್ಟಿಲು ತಾಲ್ಲೂಕು, ಜಿಲ್ಲಾ ಪಂಚಾಯ್ತಿ. 2016ರಲ್ಲಿ ಆಯ್ಕೆಯಾದ ಆ ಸದಸ್ಯರ ಅವಧಿ 2021ಕ್ಕೆ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎನ್ನುತ್ತ ಚುನಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋಯಿತು, ಕಚೇರಿಗಳಲ್ಲಿ ಆಡಳಿತಾಧಿಕಾರಿಗಳು ಕೂತರು. ವಿಧಾನಸಭೆಗೆ ಹಾರಬೇಕೆಂದರೆ ಅಭ್ಯರ್ಥಿಯೊಬ್ಬ ಮಾಡಬಹುದಾದ ಖರ್ಚಿನ ಮಿತಿಯೇ 40 ಲಕ್ಷ. ಅದು ಲೆಕ್ಕಕ್ಕೆ ತೋರಿಸುವ ಖರ್ಚು! ಎರಡೆಕರೆ ಅಡಿಕೆ ತೋಟದ ಮನೆಯ ಹುಡುಗ 'ಆಮೇಲೆ?' ಎನ್ನದೆ ಇನ್ನೇನು ಅಂದಾನು?

ಹಾಗಂತ ಮಲೆನಾಡು ತಣ್ಣಗಾಗಿಲ್ಲ. 2019ರಲ್ಲಿ ಶರಾವತಿಯ ಲಿಂಗನಮಕ್ಕಿ ಜಲಾಶಯದ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಬಂದಾಗ ಶಿವಮೊಗ್ಗ ಜಿಲ್ಲೆಯೇ ಬಂದ್ ಆಯಿತು; ಬೆಂಗಳೂರಿನ ನೀರನ್ನೇ ಕುಡಿಯುವ ನಮ್ಮ ಹುಡುಗರೂ ವಾಟ್ಸಾಪಿನಲ್ಲಿ ಕರೆ ಹಂಚಿದರು. 2022ರ ಫೆಬ್ರುವರಿಯಲ್ಲಿ ಹಿಜಾಬ್-ಕೇಸರಿ ಶಾಲಿನ ಜಗಳದಲ್ಲಿ ಶಿವಮೊಗ್ಗದ ಕಾಲೇಜು ಅಂಗಳಗಳೂ ಕುದಿದವು. ಕಾಲೇಜಿನಲ್ಲಿ ನಿಂತುಹೋದ ಚುನಾವಣೆಯ ಜಾಗಕ್ಕೆ ಮೌನ ಬಂದು ಕೂರಲಿಲ್ಲ, ಗುಂಪು ಬಂದು ಕೂತಿತು ಎಂದು ನನಗನಿಸುತ್ತದೆ. ಗುಂಪಿನಲ್ಲಿ ಕೂಗಲು ಯಾರ ಓಟೂ ಬೇಕಿಲ್ಲ, ಮರುದಿನ ಯಾರಿಗೂ ಉತ್ತರ ಕೊಡಬೇಕಿಲ್ಲ. ಫೋಟೋದಲ್ಲಿ ಸಿಕ್ಕಿಬಿದ್ದವನಿಗೆ ಮಾತ್ರ ಪೊಲೀಸ್ ವೆರಿಫಿಕೇಶನ್ನಿನ ಭಯ. ಹೆಣ್ಣುಮಕ್ಕಳ ಮನೆಯಲ್ಲಿ ಆ ಭಯ ಎರಡರಷ್ಟು.

ನೆಲದ ಪ್ರಶ್ನೆಯೂ ಮುಗಿದಿಲ್ಲ. ಅನುಮತಿಯಿಲ್ಲದೆ ಉಳುತ್ತಿರುವ ಸರ್ಕಾರಿ ಜಮೀನನ್ನು ಸಕ್ರಮ ಮಾಡಿಕೊಡಿ ಎನ್ನುವ ಬಗರ್‌ಹುಕುಂ ಅರ್ಜಿಗಳಿವೆ. ಶರಾವತಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಊರುಗಳವರು ಅರವತ್ತು ವರ್ಷದಿಂದ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಅರಣ್ಯ ಹಕ್ಕು ಕಾಯ್ದೆಯಡಿ ಬುಡಕಟ್ಟಿನವರಲ್ಲದವರು 75 ವರ್ಷದ ವಾಸಕ್ಕೆ ಪುರಾವೆ ತೋರಿಸಬೇಕು.

ನಮ್ಮ ಹುಡುಗ ಈಗ ಅದನ್ನೇ ಹಿಡಿದಿದ್ದಾನೆ. ಪಕ್ಕದ ಮನೆಯ ಅಜ್ಜಿಯ ಹಳೇ ಕಂದಾಯ ರಸೀದಿಗಳ ಫೋಟೋ ತರಿಸಿಕೊಂಡು, ಬೆಂಗಳೂರಿನ ರೂಮಿನಲ್ಲೇ ಕೂತು ಒಂದೊಂದಾಗಿ ಜೋಡಿಸಿದ. ಮೊನ್ನೆ ಫೋನು ಮಾಡಿದ್ದ. ಅರ್ಜಿಯ ವಿಷಯ ಮುಗಿಸಿ, ಇಡುವ ಮುಂಚೆ ಕೇಳಿದ:

"ಚಿಕ್ಕಪ್ಪ, ತಾಲ್ಲೂಕು ಪಂಚಾಯ್ತಿ ಎಲೆಕ್ಷನ್ ಯಾವಾಗಂತೆ?"