ಕಾಫಿ ಚರಟ ಹಾಕಿದರೆ ಮಣ್ಣು ಹುಳಿಯಾಗುತ್ತಾ?

ಪ್ರಶ್ನೆ: ನಮ್ಮ ಕೈತೋಟದ ಮಣ್ಣಿನ ರಸಸಾರ (ಪಿಎಚ್, ಅಂದರೆ ಹುಳಿಯ ಅಳತೆ; ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 7.8 ಬಂದಿದೆ. ಗಿಡಗಳ ಎಲೆ ಹಳದಿಯಾಗುತ್ತಿದೆ. ದಿನಾ ಕಾಫಿ ಚರಟ ಹಾಕಿದರೆ ಮಣ್ಣು ಹುಳಿಯಾಗಿ ಸರಿಹೋಗುತ್ತೆ ಅಂತಾರೆ. ನಿಜವಾ?

ಉತ್ತರ: ಆ ಹುಳಿಯನ್ನು ನೀವು ಆಗಲೇ ಕುಡಿದುಬಿಟ್ಟಿದ್ದೀರಿ! ಕಾಫಿಯ ಆಮ್ಲದಲ್ಲಿ ಬಹುಪಾಲು ಬಿಸಿನೀರಿನ ಜೊತೆ ಲೋಟಕ್ಕೆ ಇಳಿದಿರುತ್ತದೆ. ಉಳಿದ ಚರಟದಲ್ಲಿ ಮಣ್ಣನ್ನು ಬದಲಿಸುವಷ್ಟು ಹುಳಿ ಇರುವುದಿಲ್ಲ. ಹಸಿ ಚರಟವನ್ನು ದಪ್ಪಗೆ ಹರಡಿದರೆ ಒಣಗಿ ಹೆಪ್ಪುಗಟ್ಟುತ್ತದೆ, ನೀರು ಕೆಳಗಿಳಿಯುವುದಿಲ್ಲ. ಅದನ್ನು ಕಾಂಪೋಸ್ಟ್ ಗುಂಡಿಗೆ ಹಾಕಿ. ಅಲ್ಲೂ ಒಟ್ಟು ಕಸದ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಬೇಡ.

ರಸಸಾರವನ್ನು 7.8ರಿಂದ 6.8ಕ್ಕೆ ಇಳಿಸುವುದು ಬರೀ ಒಂದು ಅಂಕಿ ತಾನೇ ಅನಿಸಬಹುದು. ಆದರೆ ಈ ಅಳತೆಯಲ್ಲಿ ಒಂದೊಂದು ಅಂಕಿಗೂ ಹುಳಿ ಹತ್ತು ಪಟ್ಟು ಬದಲಾಗುತ್ತದೆ. ಅಡುಗೆಮನೆ ಕಸದಿಂದ ಅಷ್ಟು ದೂರ ಹೋಗುವುದು ಕಷ್ಟ. ಪೈನ್ ಮರದ ಎಲೆ ಹಾಕಿದರೆ ಮಣ್ಣು ಹುಳಿಯಾಗುತ್ತೆ ಅನ್ನುವ ಕಥೆಯೂ ಇದೇ. ಹಸಿಯಾಗಿದ್ದಾಗ ಹುಳಿ, ಕೊಳೆತ ಮೇಲೆ ಏನೂ ಇಲ್ಲ.

ಹಾಗಂತ ಕಾಂಪೋಸ್ಟ್ ಬಿಡಬೇಡಿ. ನಿಮ್ಮ ತೋಟಕ್ಕೆ ನಿಜವಾಗಿ ಬೇಕಿರುವುದು ಅದೇ ಅಂತ ನನ್ನ ಲೆಕ್ಕ. ರಸಸಾರ ಏರಿದಾಗ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಕೊಳೆಯುವ ಎಲೆ, ಗೊಬ್ಬರದಿಂದ ಬರುವ ಕೆಲವು ಪದಾರ್ಥಗಳು ಆ ಕಬ್ಬಿಣವನ್ನು ಹಿಡಿದುಕೊಂಡು ಬೇರಿಗೆ ಒಪ್ಪಿಸುತ್ತವೆ. ಅಂದರೆ ಮೀಟರಿನ ಅಂಕಿ ಅಲ್ಲೇ ಇರುತ್ತದೆ, ಗಿಡ ಮಾತ್ರ ಚೇತರಿಸಿಕೊಳ್ಳುತ್ತದೆ. ಮೊದಲ ಸಲ ಕಾಂಪೋಸ್ಟನ್ನು ಸುಮಾರು 5 ಸೆಂಟಿಮೀಟರ್ ದಪ್ಪ ಹರಡಿ, ಮೇಲಿನ ಒಂದು ಗೇಣು ಮಣ್ಣಿಗೆ ಬೆರೆಸಿ. ಆಮೇಲೆ ವರ್ಷಕ್ಕೊಮ್ಮೆ ಅದರ ಅರ್ಧ ಸಾಕು. ಪೂರ್ತಿ ಕಳಿತ ಗೊಬ್ಬರವೇ ಆಗಿರಲಿ. ಹಸಿ ಮರದ ಪುಡಿ ಬೆರೆಸಿದರೆ ಅದು ಕೊಳೆಯುವಾಗ ಗಿಡದ ಪಾಲಿನ ಸಾರಜನಕವನ್ನೂ ಎಳೆದುಕೊಳ್ಳುತ್ತದೆ. ಬೂದಿ ಅಂತೂ ಬೇಡವೇ ಬೇಡ, ಅದು ಸುಣ್ಣದ ತಮ್ಮ, ರಸಸಾರವನ್ನು ಇನ್ನೂ ಏರಿಸುತ್ತದೆ. ಹುಳಿ ಮಣ್ಣಿದ್ದವರಿಗೆ ಮಾತ್ರ ಅದರ ಉಪಯೋಗ, ಅದೂ ಹಿಡಿತದಲ್ಲಿ.

ಅಂಕಿಯನ್ನೇ ಇಳಿಸಬೇಕು ಅಂದರೆ ಗಂಧಕದ ಪುಡಿ ಬೇಕು. ಮಣ್ಣಿನ ಬ್ಯಾಕ್ಟೀರಿಯಾ ಅದನ್ನು ಆಮ್ಲವಾಗಿಸುತ್ತವೆ. ಅದಕ್ಕೆ ತೇವ, ಬೆಚ್ಚಗಿನ ಮಣ್ಣು ಮತ್ತು ಕೆಲವು ತಿಂಗಳ ಸಮಯ ಬೇಕು. ಜೇಡಿಮಣ್ಣಿಗೆ ಗಂಧಕ ಜಾಸ್ತಿ ಬೇಕು, ಮರಳುಮಣ್ಣಿಗೆ ಕಡಿಮೆ. ಮಣ್ಣು ಪರೀಕ್ಷೆಯ ವರದಿ ಹೇಳಿದಷ್ಟೇ ಹಾಕಿ.

ಗಂಧಕ ಕೊಳ್ಳುವ ಮುಂಚೆ ಒಂದು ಸಣ್ಣ ಪರೀಕ್ಷೆ ಮಾಡಿ. ಒಂದು ಚಮಚ ಒಣಮಣ್ಣಿಗೆ ವಿನೆಗರ್ ಬಿಡಿ. ಬುಸ್ ಅಂತ ನೊರೆ ಬಂದರೆ ಮಣ್ಣಿನಲ್ಲೇ ಸುಣ್ಣದ ಅಂಶ ತುಂಬಿದೆ. ಹಾಕಿದ ಗಂಧಕವನ್ನೆಲ್ಲ ಅದು ನುಂಗಿ ಹಾಕುತ್ತದೆ, ದುಡ್ಡು ದಂಡ. ಅಂಥ ಕಡೆ ಬ್ಲೂಬೆರಿಯಂಥ ಹುಳಿ ಬಯಸುವ ಗಿಡಗಳನ್ನು ಕುಂಡದಲ್ಲಿ ಬೆಳೆಸುವುದೇ ವಾಸಿ.

ಇನ್ನೊಂದು ಮಾತು. ಹಳದಿ ಎಲ್ಲಿದೆ ಸ್ವಲ್ಪ ಬಗ್ಗಿ ನೋಡಿ. ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ ಇರಬಹುದು. ಕೆಳಗಿನ ಹಳೇ ಎಲೆಗಳಿಂದ ಶುರುವಾಗಿದ್ದರೆ ಸಾರಜನಕ ಸಾಲದು ಅಂತ. ಆಗ ರಸಸಾರದ ಗೊಡವೆಯೇ ಬೇಡ. ಸುಣ್ಣದ ಅಂಶವಿರುವ ಗಡಸು ನೀರು ಹಾಯಿಸುತ್ತಿದ್ದೀರಾ ಅದನ್ನೂ ನೋಡಿ. ಹಾಗಿದ್ದರೆ ಒಂದು ಕೈಯಲ್ಲಿ ಗಂಧಕ, ಇನ್ನೊಂದು ಕೈಯಲ್ಲಿ ಸುಣ್ಣ ಹಾಕಿದ ಹಾಗೆ, ಅಲ್ವಾ? ಸಾಧ್ಯವಾದಷ್ಟು ಮಳೆನೀರು ಹಿಡಿದಿಟ್ಟು ಹಾಕಿ.