ಬ್ರೌನ್ ಫ್ಯಾಟ್ ಎಬ್ಬಿಸುವ ಕ್ಯಾಪ್ಸೂಲ್ ಮಗನಿಗೆ ಕೊಡಬಹುದಾ?

ಪ್ರಶ್ನೆ: ನನ್ನ ಮಗನಿಗೆ 15 ವರ್ಷ. ತೂಕ ತುಂಬಾ ಜಾಸ್ತಿ ಇದೆ. ‘ಬ್ರೌನ್ ಫ್ಯಾಟ್ ಎಬ್ಬಿಸಿ ಕೊಬ್ಬು ಕರಗಿಸುತ್ತೆ’ ಅನ್ನುವ ಕ್ಯಾಪ್ಸೂಲ್ ತರಿಸಿಕೊಡಿ ಅಂತ ಹಟ ಹಿಡಿದಿದ್ದಾನೆ. ಮೆಣಸಿನಕಾಯಿ, ಗ್ರೀನ್ ಟೀ ಸಾರದಿಂದ ಮಾಡಿದ್ದಂತೆ. ಕೊಡಬಹುದಾ?

ಉತ್ತರ: ಬೇಡ. ಆದರೆ ನಿಮ್ಮ ಮಗ ಹೇಳುತ್ತಿರುವುದು ಪೂರ್ತಿ ಬುರುಡೆಯೂ ಅಲ್ಲ. ಸುಮ್ನೆ ‘ಬೇಡ’ ಅಂದರೆ ಅವನು ಒಪ್ಪಲಿಕ್ಕಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹೊಟ್ಟೆ, ತೊಡೆಯಲ್ಲಿ ಸೇರಿಕೊಳ್ಳುವ ಬಿಳಿ ಕೊಬ್ಬು ಉಗ್ರಾಣ ಇದ್ದ ಹಾಗೆ. ಕಂದು ಕೊಬ್ಬು, ಅಂದರೆ ಬ್ರೌನ್ ಫ್ಯಾಟ್, ಒಲೆ ಇದ್ದ ಹಾಗೆ. ಅದರ ಜೀವಕೋಶಗಳಲ್ಲಿ ಮೈಟೊಕಾಂಡ್ರಿಯಾ, ಅಂದರೆ ಆಹಾರದಿಂದ ಶಕ್ತಿ ತೆಗೆಯುವ ಪುಟ್ಟ ಘಟಕಗಳು, ಕಿಕ್ಕಿರಿದಿರುತ್ತವೆ. ಅವುಗಳಲ್ಲಿರುವ ಕಬ್ಬಿಣವೇ ಆ ಬಣ್ಣಕ್ಕೆ ಕಾರಣ. ಬೇರೆ ಜೀವಕೋಶಗಳು ಆಹಾರದ ಶಕ್ತಿಯನ್ನು ಕೆಲಸಕ್ಕೆ ಬರುವಂತೆ ಹಿಡಿದಿಡುತ್ತವೆ. ಇಲ್ಲಿ ಮಾತ್ರ ಯುಸಿಪಿ1 ಎಂಬ ಪ್ರೋಟೀನ್ ಅದನ್ನು ಸೋರಲು ಬಿಡುತ್ತದೆ. ಸೋರಿದ್ದೆಲ್ಲ ಶಾಖ. ಸರಿಯಾಗಿ ನಡುಗಲು ಬಾರದ ಎಳೆಗೂಸು ಮೈ ಬೆಚ್ಚಗಿಟ್ಟುಕೊಳ್ಳುವುದು ಹೀಗೆಯೇ.

ದೊಡ್ಡವರಾದ ಮೇಲೆ ಇದು ಹೆಚ್ಚುಕಡಿಮೆ ಮಾಯವಾಗುತ್ತದೆ ಎಂದೇ ಬಹಳ ಕಾಲ ನಂಬಿದ್ದರು. ಕ್ಯಾನ್ಸರ್ ಹುಡುಕಲು ಮಾಡುವ ಪೆಟ್ ಸ್ಕ್ಯಾನ್‌ನಲ್ಲಿ ಮಾತ್ರ ಒಂದು ವಿಚಿತ್ರ ಕಾಣಿಸುತ್ತಿತ್ತು. ಕೆಲವರ ಕತ್ತು, ಕಾಲರ್ ಬೋನ್ ಹತ್ತಿರ ಎರಡೂ ಕಡೆ ಸಮನಾಗಿ ಹೊಳೆಯುವ ಜಾಗಗಳು. ಗಡ್ಡೆಯಲ್ಲ, ಚಳಿಯಲ್ಲಿ ಹೊತ್ತಿಕೊಂಡ ಕಂದು ಕೊಬ್ಬು. ರೋಗಿಗೆ ಮೊದಲೇ ಬೆಚ್ಚಗೆ ಹೊದಿಸಿದರೆ ಆ ಹೊಳಪು ಇಳಿಯುತ್ತದೆ! 2009ರಲ್ಲಿ ಒಟ್ಟೊಟ್ಟಿಗೆ ಬಂದ ಮೂರು ಅಧ್ಯಯನಗಳು ದೊಡ್ಡವರಲ್ಲೂ ಇದು ಕೆಲಸ ಮಾಡುತ್ತದೆ ಎಂದು ಗಟ್ಟಿ ಮಾಡಿದವು. ‘ಫ್ಯಾಟ್ ಬರ್ನರ್’ ಮಾರುವವರಿಗೆ ಹೊಸ ಮಾತು ಸಿಕ್ಕಿತು.

ಈ ಒಲೆಯ ಸ್ವಿಚ್ ಚಳಿ. ಚರ್ಮಕ್ಕೆ ತಣ್ಣಗಾದರೆ ನರಗಳು ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕವನ್ನು ಸುರಿಸುತ್ತವೆ, ಒಲೆ ಹೊತ್ತುತ್ತದೆ. ಇಲಿಗಳಲ್ಲಿ ಇದು ಜೋರು. ನಮಗೆ ಹಿತವಾದ 22 ಡಿಗ್ರಿ ಕೋಣೆ ಇಲಿಗೆ ಚಳಿ, ಅದಕ್ಕೆ ಬೇಕಾದದ್ದು ಸುಮಾರು 30 ಡಿಗ್ರಿ. ಹಾಗಾಗಿ ಪ್ರಯೋಗಾಲಯದ ಇಲಿಯ ಒಲೆ ದಿನವಿಡೀ ಉರಿಯುತ್ತಲೇ ಇರುತ್ತದೆ. ‘ಇಲಿಯ ತೂಕ ಇಳಿಯಿತು’ ಎಂಬ ಸುದ್ದಿ ಓದುವಾಗ ಇದು ನೆನಪಿರಲಿ. ಮನುಷ್ಯರಲ್ಲಿ ಈ ಕೊಬ್ಬು ಇರುವುದೇ ಕಡಿಮೆ, ಅದರಲ್ಲೂ ಬೊಜ್ಜು ಇರುವವರಲ್ಲಿ ಅದು ಇನ್ನೂ ಮಂಕು.

ಮೆಣಸಿನಕಾಯಿಯ ವಿಷಯ ಇಲ್ಲೇ ತಮಾಷೆಯಾಗುವುದು. ಖಾರವಿಲ್ಲದ ಒಂದು ಜಾತಿಯ ಮೆಣಸಿನಕಾಯಿಯಲ್ಲಿ ಕ್ಯಾಪ್ಸಿನಾಯ್ಡ್ ಎಂಬ ಪದಾರ್ಥ ಇದೆ. ಅದನ್ನು ಆರೋಗ್ಯವಂತ ಯುವಕರಿಗೆ ಕೊಟ್ಟು ನೋಡಿದರು. ಕಂದು ಕೊಬ್ಬು ಮೊದಲೇ ಚುರುಕಾಗಿದ್ದವರಲ್ಲಿ ಶಕ್ತಿಯ ಖರ್ಚು ಕೊಂಚ ಏರಿತು. ಇಲ್ಲದವರಲ್ಲಿ ಏನೂ ಆಗಲಿಲ್ಲ ಅಂತಲೇ ಹೇಳಬೇಕು. ಅಂದರೆ ಯಾರಿಗೆ ಮಾರುತ್ತಾರೋ ಅವರಿಗೇ ಇದು ತಾಕುವುದು ಕಡಿಮೆ, ಅಲ್ವಾ? ಇನ್ನು ‘ಶಕ್ತಿಯ ಖರ್ಚು ಏರಿತು’ ಅಂದ ಮಾತ್ರಕ್ಕೆ ‘ತೂಕ ಇಳಿಯಿತು’ ಅಂತಲೂ ಅಲ್ಲ. ಹಸಿವು ಸ್ವಲ್ಪ ಜಾಸ್ತಿಯಾದರೆ ಲೆಕ್ಕ ಅಲ್ಲಿಗಲ್ಲಿಗೆ ಚುಕ್ತಾ.

ಒಲೆಯನ್ನು ಜೋರಾಗಿ ಹೊತ್ತಿಸುವ ಔಷಧಿ ಇಲ್ಲವೇ? ಇದೆ. ಮೂತ್ರಕೋಶದ ತೊಂದರೆಗೆ ಕೊಡುವ ಮಿರಾಬೆಗ್ರಾನ್ ಅನ್ನು 2015ರ ಒಂದು ಪ್ರಯೋಗದಲ್ಲಿ 12 ಯುವಕರಿಗೆ 200 ಮಿಲಿಗ್ರಾಂ ಕೊಟ್ಟರು. ಮಾಮೂಲಿ ಡೋಸ್ 50ರ ಒಳಗೇ ಇರುತ್ತದೆ. ಕಂದು ಕೊಬ್ಬು ಬೆಳಗಿತು, ಜೊತೆಗೆ ಎದೆಬಡಿತ, ಬಿಪಿ ಕೂಡ ಏರಿದವು.

ಇದಕ್ಕಿಂತ ಕರಾಳ ಕಥೆ ಡಿಎನ್‌ಪಿಯದು. ಯುಸಿಪಿ1 ಕಂದು ಕೊಬ್ಬಿನಲ್ಲಿ ಮಾತ್ರ ಮಾಡುವ ‘ಸೋರಿಸುವ’ ಕೆಲಸವನ್ನು ಈ ರಾಸಾಯನಿಕ ಮೈಯ ಎಲ್ಲ ಜೀವಕೋಶಗಳಲ್ಲೂ ಮಾಡುತ್ತದೆ. 1930ರ ದಶಕದಲ್ಲಿ ಅಮೆರಿಕದಲ್ಲಿ ತೂಕ ಇಳಿಸಲು ಕೊಟ್ಟರು, ತೂಕ ಇಳಿಯಿತು ಕೂಡ. ಆದರೆ ಕಣ್ಣಿಗೆ ಪೊರೆ ಬಂತು, ಮೈ ತಡೆಯಲಾರದಷ್ಟು ಕಾದು ಜನ ಸತ್ತರು. 1938ರಲ್ಲಿ ಅದು ಮನುಷ್ಯರು ತೆಗೆದುಕೊಳ್ಳುವಂಥದ್ದಲ್ಲ ಎಂದು ಸಾರಿದರು. ಇವತ್ತಿಗೂ ಇಂಟರ್‌ನೆಟ್‌ನಲ್ಲಿ ಕದ್ದುಮುಚ್ಚಿ ಮಾರುತ್ತಾರೆ, ಹರೆಯದವರು ಅದನ್ನು ನುಂಗಿ ಸತ್ತದ್ದೂ ಇದೆ. ನಿಮ್ಮ ಮಗನ ಕ್ಯಾಪ್ಸೂಲ್‌ನಲ್ಲಿ ಅದೇ ಇದೆ ಅನ್ನುತ್ತಿಲ್ಲ. ಆದರೆ ‘ಮೈಯೊಳಗೆ ಬೆಂಕಿ ಹಚ್ಚಿ ಸಣ್ಣಗಾಗಿ’ ಅನ್ನುವ ಜಾಹೀರಾತು ಕಂಡಾಗೆಲ್ಲ ನನಗೆ ಇದೇ ನೆನಪಾಗುತ್ತದೆ.

ಗ್ರೀನ್ ಟೀ ಕುಡಿದರೆ ತೊಂದರೆಯಿಲ್ಲ. ಅದರ ಗಟ್ಟಿ ಸಾರದ ಮಾತ್ರೆ ಬೇರೆಯೇ. ಇಜಿಸಿಜಿ ಎಂಬ ಅಂಶ ದಿನಕ್ಕೆ 800 ಮಿಲಿಗ್ರಾಂ ಮುಟ್ಟಿದರೆ ಲಿವರ್‌ಗೆ ಪೆಟ್ಟು ಬೀಳುವ ಸೂಚನೆ ಇದೆ ಎಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲೇ ಎಚ್ಚರಿಸಿದೆ. ಅದೂ ದೊಡ್ಡವರ ಲೆಕ್ಕ.

ಮಗನ ತೂಕಕ್ಕೆ ನಿಜವಾಗಿ ಚಿಕಿತ್ಸೆ ಬೇಕಿದ್ದರೆ ದಾರಿ ಇದೆ. ಮನೆಯವರೆಲ್ಲ ಸೇರಿ ಊಟ, ನಿದ್ದೆ, ಓಡಾಟ ಬದಲಿಸುವುದು ಮೊದಲು. ಸಾಲದಿದ್ದರೆ ವೈದ್ಯರ ಕಣ್ಗಾವಲಿನಲ್ಲಿ ಔಷಧಿ. 12 ದಾಟಿದ ಮಕ್ಕಳ ಮೇಲೆ ನಡೆದ, 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸೆಮಾಗ್ಲುಟೈಡ್ ಚುಚ್ಚುಮದ್ದಿನಿಂದ 68 ವಾರಗಳಲ್ಲಿ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಸರಾಸರಿ 16%ರಷ್ಟು ಇಳಿಯಿತು. ಅದು ಮುಖ್ಯವಾಗಿ ತಗ್ಗಿಸುವುದು ಹಸಿವನ್ನು. ಕಂದು ಕೊಬ್ಬಿನ ಗೊಡವೆಯೇ ಇಲ್ಲ.

ಇನ್ನೊಂದು ಮಾತು. ಹಟ ಹಿಡಿದಿದ್ದಾನೆ ಅಂದಿರಿ. ಆಗಲೇ ಎಲ್ಲಿಂದಲೋ ತರಿಸಿಕೊಂಡಿರಬಹುದು, ಬೈಯದೆ ಕೇಳಿ. ತೆಗೆದುಕೊಳ್ಳುತ್ತಿದ್ದರೆ ನಿಲ್ಲಿಸಿ. ಎದೆ ಡವಡವ ಅನ್ನುವುದು, ಮೈ ವಿಪರೀತ ಬಿಸಿಯಾಗಿ ಬೆವರುವುದು, ಕಣ್ಣು ಹಳದಿಯಾಗುವುದು, ಮೂತ್ರ ಕಡುಬಣ್ಣಕ್ಕೆ ತಿರುಗುವುದು, ಇದರಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಿ. ಹೋಗುವಾಗ ಬಾಟಲಿಯನ್ನೂ ತೆಗೆದುಕೊಂಡು ಹೋಗಿ.