ಡಿಪ್ಪರ್ ಹೊಡೆದು ‘ಮುಂದೆ ಪೊಲೀಸ್ ಇದಾರೆ’ ಅಂದರೆ ಜೈಲಾ?

ಪ್ರಶ್ನೆ: ಎದುರು ಬರುವ ಗಾಡಿಗೆ ಡಿಪ್ಪರ್ ಹೊಡೆದು, ಮುಂದೆ ಸ್ಪೀಡ್ ಗನ್ ಇದೆ ಅಂತ ಸೂಚನೆ ಕೊಟ್ಟರೆ ಅದು ಅಪರಾಧವಾ?

ಇದಕ್ಕೆ ಉತ್ತರ ಹೇಳಿ ಹೇಳಿ ಬಾಯಿ ನೋವು ಬಂದಿದೆ. ನಾನು ಡ್ರೈವಿಂಗ್ ಕಲಿಸುವವನು. ಕ್ಲಚ್ ಬಗ್ಗೆ ಕೇಳದವರೂ ಇದನ್ನು ಕೇಳುತ್ತಾರೆ. ಒಂದು ಸಲ ಬರೆದಿಟ್ಟರೆ ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸಬಹುದು.

ಮೋಟಾರು ವಾಹನ ಕಾಯ್ದೆಯಲ್ಲಿ ‘ಪೊಲೀಸರು ನಿಂತಿದ್ದಾರೆ ಅಂತ ಬೇರೆಯವರಿಗೆ ಹೇಳಬಾರದು’ ಎನ್ನುವ ಸೆಕ್ಷನ್ ಇಲ್ಲ. 1988ರ ಕಾಯ್ದೆಯಲ್ಲೂ ಇಲ್ಲ, ದಂಡ ಏರಿಸಿದ 2019ರ ತಿದ್ದುಪಡಿಯಲ್ಲೂ ಇಲ್ಲ. 183ನೇ ಸೆಕ್ಷನ್ ಹಿಡಿಯುವುದು ಜೋರಾಗಿ ಓಡಿಸಿದವನನ್ನು. ಕಾರಾದರೆ ಕೇಂದ್ರದ ಕಾಯ್ದೆ ಪ್ರಕಾರ 1,000ದಿಂದ 2,000 ರೂಪಾಯಿ ದಂಡ. ಲೈಟ್ ಮಿಣುಕಿಸಿದವನ ಹೆಸರು ಅದರಲ್ಲಿ ಎಲ್ಲೂ ಬರುವುದಿಲ್ಲ.

ಇಷ್ಟು ಹೇಳಿದ ಕೂಡಲೇ ಒಬ್ಬರು ಎದ್ದು ನಿಲ್ಲುತ್ತಾರೆ. ‘ಸರ್, ಅದು ಸರ್ಕಾರಿ ಕೆಲಸಕ್ಕೆ ಅಡ್ಡಿ. ಮೂರು ತಿಂಗಳು ಜೈಲು. ವಾಟ್ಸಾಪಲ್ಲಿ ಬಂದಿತ್ತು.’ ಬಂದಿರುತ್ತೆ, ವಾಟ್ಸಾಪಲ್ಲಿ ಏನು ಬರಲ್ಲ ಹೇಳಿ?

ಅವರು ಹೇಳುವ ಸೆಕ್ಷನ್ ಇದೆ, ಸುಳ್ಳಲ್ಲ. ಹಳೇ ಐಪಿಸಿಯಲ್ಲಿ, ಅಂದರೆ ಭಾರತೀಯ ದಂಡ ಸಂಹಿತೆಯಲ್ಲಿ, 186 ಇತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೆ ಅದು 221 ಆಗಿದೆ. ಗರಿಷ್ಠ ಮೂರು ತಿಂಗಳು ಜೈಲು ಅಥವಾ 2,500 ರೂಪಾಯಿ ದಂಡ, ಇಲ್ಲವೇ ಎರಡೂ. ಆದರೆ ಆ ಸೆಕ್ಷನ್ ಕೇಳುವುದೇನು? ಕೆಲಸದಲ್ಲಿರುವ ಸರ್ಕಾರಿ ನೌಕರನಿಗೆ ನೀನು ಬೇಕಂತಲೇ ಅಡ್ಡಿ ಮಾಡಿದೆಯಾ ಅಂತ. ಸರಿ, ಈಗ ನಮ್ಮ ಶಿವಮೊಗ್ಗ ಪಕ್ಕದ ಗಾಜನೂರು ಹತ್ತಿರ ಪೊಲೀಸರು ಸ್ಪೀಡ್ ಗನ್ ಇಟ್ಟುಕೊಂಡು ನಿಂತಿದ್ದಾರೆ ಅಂತಿಟ್ಟುಕೊಳ್ಳಿ. ನೀವು ತೀರ್ಥಹಳ್ಳಿ ಕಡೆ ಹೋಗುತ್ತಾ ಎದುರಿನ ಕಾರಿಗೆ ಎರಡು ಸಲ ಡಿಪ್ಪರ್ ಹೊಡೆದಿರಿ. ಅವನು ಎಂಬತ್ತರಲ್ಲಿದ್ದವನು ಐವತ್ತಕ್ಕೆ ಇಳಿದ. ಪೊಲೀಸರ ಯಾವ ಕೆಲಸ ನಿಂತುಹೋಯಿತು? ಗನ್ ಅಲ್ಲೇ ಇದೆ, ಓಡುತ್ತಲೇ ಇದೆ, ಮುಂದಿನ ಗಾಡಿಯ ವೇಗ ಅಳೆಯುತ್ತದೆ. ಜನ ನಿಧಾನ ಹೋಗಲಿ ಅಂತಲೇ ಅವರನ್ನು ಅಲ್ಲಿ ನಿಲ್ಲಿಸಿರುವುದು, ಅಲ್ವಾ?

ಇನ್ನೊಂದು ವಿಷಯ ಇದಕ್ಕಿಂತ ಗಟ್ಟಿ. 2021ರ ಆಗಸ್ಟಿನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 167ಎ ಅಂತ ಹೊಸ ನಿಯಮ ಸೇರಿತು. ಕ್ಯಾಮೆರಾ, ಸ್ಪೀಡ್ ಗನ್ ಇಂಥವನ್ನು ಬಳಸುವ ರಸ್ತೆಯಲ್ಲಿ ಮುಂಚೆಯೇ ಎಚ್ಚರಿಕೆ ಫಲಕ ಹಾಕಬೇಕು ಅಂತ ಅದು ಹೇಳುತ್ತದೆ. ಅಂದರೆ ಸರ್ಕಾರವೇ ಕಂಬ ನೆಟ್ಟು ಬೋರ್ಡ್ ಬರೆಸಿ ‘ಮುಂದೆ ನೋಡ್ತಾ ಇದೀವಿ’ ಅನ್ನುತ್ತದೆ. ಗೂಗಲ್ ಮ್ಯಾಪ್, ಮ್ಯಾಪಲ್ಸ್ ಕೂಡ ಸ್ಪೀಡ್ ಕ್ಯಾಮೆರಾ ತೋರಿಸುತ್ತವೆ. ಬೋರ್ಡು ಹೇಳಿದರೆ ಸರಿ, ಫೋನು ಹೇಳಿದರೆ ಸರಿ, ಕುಮ್ಸಿಯಿಂದ ಬರುವ ಅಡಿಕೆ ಪಿಕಪ್ಪಿನವನು ಹೇಳಿದರೆ ಮಾತ್ರ ಜೈಲು? ಯಾವ ನ್ಯಾಯ ಇದು!

ಈ ಜೈಲಿನ ಕಥೆ ಬ್ರಿಟನ್ನಿನಿಂದ ತೇಲಿ ಬಂದಿರಬೇಕು ಅಂತ ನನ್ನ ಅನುಮಾನ. ಅಲ್ಲಿ 1905ರಲ್ಲಿ ಆಟೊಮೊಬೈಲ್ ಅಸೋಸಿಯೇಷನ್ ಹುಟ್ಟಿದ್ದೇ ಪೊಲೀಸರ ಸ್ಪೀಡ್ ಟ್ರ್ಯಾಪ್ (ಜೋರಾಗಿ ಓಡಿಸುವವರನ್ನು ಹಿಡಿಯಲು ಕಾಯುವ ಜಾಗ) ಬಗ್ಗೆ ಕಾರಿನವರಿಗೆ ಎಚ್ಚರಿಕೆ ಕೊಡಲು. 1910ರಲ್ಲಿ ಅಲ್ಲಿನ ಕೋರ್ಟು, ಆಗಲೇ ಮಿತಿ ಮೀರಿ ಬರುತ್ತಿರುವವನಿಗೆ ಹೀಗೆ ಸೂಚನೆ ಕೊಟ್ಟರೆ ಅದು ಅಡ್ಡಿಯೇ ಅಂದಿತು. ಸಂಘದವರೇನು ಕಡಿಮೆಯಾ? ಸದಸ್ಯರ ಕಾರು ಕಂಡರೆ ರಸ್ತೆ ಬದಿಯ ಕಾವಲಿನವನು ಸಲ್ಯೂಟ್ ಹೊಡೆಯುತ್ತಿದ್ದ. ಹೊಡೆಯಲಿಲ್ಲ ಅಂದರೆ ಮುಂದೆ ಟ್ರ್ಯಾಪ್ ಇದೆ ಅಂತ ಅರ್ಥ. ಸಲ್ಯೂಟ್ ಹೊಡೆಯದೇ ಇದ್ದಿದ್ದಕ್ಕೆ ಯಾರ ಮೇಲೆ ಕೇಸ್ ಹಾಕುತ್ತೀರಿ! ಬ್ರಿಟನ್ನಿನಲ್ಲಿ ಈಗಲೂ ಅಡ್ಡಿಯ ಕೇಸ್ ಆಗುವುದುಂಟು. ಆದರೆ ಅದು ಆ ದೇಶದ ಕಾನೂನು, ಸಾಗರ ರಸ್ತೆಗೆ ಅನ್ವಯಿಸುವುದಿಲ್ಲ.

ಹಾಗಂತ ಏನು ಬೇಕಾದರೂ ಮಾಡಬಹುದು ಅಂತಲ್ಲ. ರಾತ್ರಿ ಹೈಬೀಮ್ ಹಾಕಿ ಎದುರಿನವನ ಕಣ್ಣು ಕುಕ್ಕಿದರೆ ಅದೇ ಬೇರೆ ತಪ್ಪು. ಗಾಡಿ ಓಡಿಸುತ್ತಲೇ ಫೋನ್ ಹಿಡಿದು ಗ್ರೂಪಿಗೆ ಟೈಪ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಕಾಯುತ್ತಿರುತ್ತದೆ. ಪೊಲೀಸರ ಪಕ್ಕದಲ್ಲೇ ನಿಂತು ಕೈ ಬೀಸಿ, ಅವರು ‘ಹೋಗಯ್ಯಾ’ ಅಂದರೂ ಹೋಗದೆ ವಾದಕ್ಕಿಳಿದರೆ ಅದೇ ಕಾಯ್ದೆಯ 179 ಇದೆ, 2,000 ರೂಪಾಯಿವರೆಗೆ ದಂಡ. ಇನ್ನು ಕಳ್ಳ ಮರಳಿನ ಲಾರಿ ಮುಂದೆ ಬೈಕಿನಲ್ಲಿ ಹೋಗುತ್ತಾ ‘ಚೆಕ್‌ಪೋಸ್ಟಲ್ಲಿ ಇದಾರೆ, ನಿಲ್ಸು’ ಅಂತ ಫೋನ್ ಮಾಡುವವರು ದಯವಿಟ್ಟು ಈ ಬರಹ ಹಿಡಿದುಕೊಂಡು ಸ್ಟೇಷನ್ನಿಗೆ ಹೋಗಬೇಡಿ. ಅದು ಕಳ್ಳತನಕ್ಕೆ ಕೈ ಜೋಡಿಸಿದ ಹಾಗೆ. ಗೊತ್ತಿಲ್ಲದ ಗಾಡಿಗೆ ಲೈಟ್ ತೋರಿಸುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

‘ಮರದ ಹಿಂದೆ ಅಡಗಿ ಹಿಡಿದರೆ ಕೇಸ್ ನಿಲ್ಲಲ್ಲ’ ಅಂತಲೂ ಕೆಲವರು ಹೇಳುತ್ತಾರೆ. ಆ 167ಎ ನಿಯಮ ಮಾತಾಡುವುದು ಬೋರ್ಡಿನ ಬಗ್ಗೆ. ಪೊಲೀಸರು ಮರದ ಹಿಂದೆ ನಿಲ್ಲಬಾರದು, ಹಲಸಿನ ಮರವಾದರೆ ಪರವಾಗಿಲ್ಲ ಅಂತೆಲ್ಲ ಎಲ್ಲೂ ಬರೆದಿಲ್ಲ.

ಅಷ್ಟಕ್ಕೂ ನಮ್ಮ ಕಡೆ ಡಿಪ್ಪರ್‌ಗೆ ಒಂದೇ ಅರ್ಥ ಎಲ್ಲಿದೆ? ಸಕ್ರೆಬೈಲು ದಾಟಿದ ಮೇಲೆ ಯಾರಾದರೂ ಲೈಟ್ ಮಿಣುಕಿಸಿದರೆ ರಸ್ತೆಯಲ್ಲಿ ಆನೆ ಇರಬಹುದು. ಮಳೆಗಾಲದಲ್ಲಿ ಮರ ಬಿದ್ದಿರಬಹುದು, ತಿರುವಿನಲ್ಲಿ ದನ ಮಲಗಿರಬಹುದು. ನಿಮ್ಮ ಹೆಡ್‌ಲೈಟ್ ಹಗಲಲ್ಲೂ ಉರಿಯುತ್ತಿದೆ ಅಂತ ಪಾಪ ಒಬ್ಬ ಹೇಳುತ್ತಿರಬಹುದು. ಪೊಲೀಸ್ ಅಂದುಕೊಂಡು ಸೀಟ್ ಬೆಲ್ಟ್ ಎಳೆದುಕೊಳ್ಳುವಷ್ಟರಲ್ಲಿ ಎದುರಿಗೆ ಬಿದ್ದ ಮರ!

ಆಗುಂಬೆ ಘಾಟಿಯಲ್ಲಂತೂ ಡಿಪ್ಪರ್ ಅಂದರೆ ‘ನಾನು ಬರ್ತಾ ಇದೀನಿ, ನೀನು ನಿಲ್ಲು’ ಅಂತ. ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಇಳಿಯುತ್ತಿರುವವನು ಹಾಗೆ ಹೊಡೆದರೆ ತಪ್ಪು ಅವನದೇ. ಇಕ್ಕಟ್ಟಾದ ಘಾಟಿ ರಸ್ತೆಯಲ್ಲಿ ಹತ್ತುವ ಗಾಡಿಗೆ ಇಳಿಯುವ ಗಾಡಿ ದಾರಿ ಬಿಡಬೇಕು, ಅದು ನಿಯಮ. ಹತ್ತುತ್ತಿರುವ ಬಸ್ಸನ್ನು ಹೇರ್‌ಪಿನ್ ತಿರುವಿನಲ್ಲಿ ನಿಲ್ಲಿಸಿ ಮತ್ತೆ ಫಸ್ಟ್ ಗೇರಲ್ಲಿ ಎತ್ತುವುದು ಎಷ್ಟು ಕಷ್ಟ ಅಂತ ಒಮ್ಮೆ ಆ ಡ್ರೈವರನ್ನೇ ಕೇಳಿ ನೋಡಿ. ಅವನು ಕೊಡುವ ಉತ್ತರವನ್ನು ನಾನು ಇಲ್ಲಿ ಬರೆಯುವ ಹಾಗಿಲ್ಲ.